‘ನಮ್ಮ ತಪ್ಪು’ ಎಂದವರು

“ಯಾಕ ನಿಂತಿ? ಮುಂದ ಹೇಳು ರೋಜಾ.”

ಕೋಮಲಾ ಟೀಚರ್ ಕಾಯುತ್ತಿದ್ದರು. ಕೂಡ್ಲಿಗಿಯ ಆ ಪುಟ್ಟ ಚರ್ಚಿನಲ್ಲಿ ಶನಿವಾರ ಮಧ್ಯಾಹ್ನ ಅವರಿಬ್ಬರೇ ಇದ್ದರು. ನಾಳೆಯ ಆರಾಧನೆಯಲ್ಲಿ ರೋಜಾ ಪ್ರವಾದಿ ಯೆಶಾಯನ ಮಾತುಗಳನ್ನು ಎಲ್ಲರೆದುರು ಬಾಯಿಪಾಠ ಹೇಳಬೇಕಿತ್ತು.

ಬುಧವಾರದವರೆಗೆ ಒಂದೂ ತಪ್ಪಿಲ್ಲದೆ ಹೇಳುತ್ತಿದ್ದಳು. ಈಗ ಒಂದೇ ಕಡೆ ನಾಲಿಗೆ ತಡೆಯುತ್ತಿತ್ತು. ದೇವರ ಸೇವಕನೊಬ್ಬ ಬೇರೆಯವರ ತಪ್ಪಿಗೆ ಪೆಟ್ಟು ತಿಂದರೂ, ಉಣ್ಣೆ ಕತ್ತರಿಸುವಾಗ ಕುರಿ ಇರುವ ಹಾಗೆ ಸುಮ್ಮನಿದ್ದ ಎನ್ನುವ ಕಡೆ.

“ಅರ್ಥ ಆಗಲಿಲ್ಲೇನು?” ಟೀಚರ್ ಹತ್ತಿರ ಕೂತರು. “ಯೇಸುಸ್ವಾಮಿ ಹುಟ್ಟೋಕಿಂತ ನೂರಾರು ವರ್ಷ ಮೊದಲ ಬರದಿಟ್ಟ ಮಾತಿದು. ಯೇಸು ಶಿಲುಬಿ ಮ್ಯಾಲ ನಮ್ಮ ಪಾಪ ಹೊತ್ತನಲ್ಲ, ಅದು ಯೆಶಾಯಗ ಆಗಲೇ ಕಂಡಿತ್ತು ಅಂತ ನಾವು ನಂಬ್ತೀವಿ. ಆದ್ರ ನೋಡಿದ ಮಂದಿ ಏನಂದ್ಕೊಂಡ್ರು? ಇವಂದ ತಪ್ಪಿರಬೇಕು, ಅದಕ್ಕ ಶಿಕ್ಷಾ ಆತು ಅಂದ್ಕೊಂಡ್ರು.”

ರೋಜಾಳ ಕಿವಿ ಬಿಸಿಯಾಯಿತು.

ಗುರುವಾರ ಸ್ಕೂಲಿನಲ್ಲಿ ಖೋ ಖೋ ಪ್ರಾಕ್ಟೀಸ್ ಇತ್ತು. ಭೀಮರಾಜ ಸರ್ ತಮ್ಮ ಹೊಸ ಸ್ಟಾಪ್‌ವಾಚನ್ನು ಕಟ್ಟೆಯ ಮೇಲೆ ಇಟ್ಟಿದ್ದರು. ಅದು ಓಡುವುದನ್ನು ನೋಡುವ ಆಸೆಗೆ ರೋಜಾ ಕೈಗೆತ್ತಿಕೊಂಡಳು. ಜಾರಿ ನೀರಿನ ತೊಟ್ಟಿಗೆ ಬಿತ್ತು. ಗೆಳತಿ ಚಂದನಾ ತೋಳು ಮುಳುಗುವಷ್ಟು ಕೈ ಹಾಕಿ ತೆಗೆದಳು. ಸರ್ ಬಂದದ್ದು ಆಗಲೇ; ಅವರಿಗೆ ಕಂಡದ್ದು ಚಂದನಾಳ ಕೈಯಲ್ಲಿದ್ದ ಒದ್ದೆ ವಾಚು.

“ಯಾರು ಮುಟ್ಟು ಅಂದ್ರು ನಿನಗ? ಕೆಟ್ಟೇ ಹೋತು! ಸೋಮವಾರ ಹಗರಿಬೊಮ್ಮನಹಳ್ಳಿ ಮ್ಯಾಚಿಗೆ ನೀ ಬರೂದು ಬ್ಯಾಡ!”

ಚಂದನಾ ಒಮ್ಮೆ ರೋಜಾಳ ಮುಖ ನೋಡಿದಳು. ರೋಜಾ ತನ್ನ ಚಪ್ಪಲಿ ನೋಡಿಕೊಂಡು ನಿಂತಳು.

“ಟೀಚರ್,” ಎಂದಳು ಈಗ ಮೆಲ್ಲಗೆ, “ಆ ಮಂದಿ ಸುಮ್ಮನ ನೋಡ್ಕೋತ ನಿಂತಿದ್ರಲ್ಲ, ಅವ್ರು ಆಮ್ಯಾಲ ಏನಾದ್ರು?”

“ನೀ ಕಲ್ತ ಈ ಮಾತು ಹೇಳೋರ ಅವ್ರು! ತಪ್ಪು ನಮ್ದು, ಪೆಟ್ಟು ಅವನಿಗೆ ಬಿತ್ತು ಅಂತಾರಲ್ಲ? ಆ ‘ನಾವು’ ಅನ್ನೋರು ಅವ್ರ.”

ನಾಳೆ ಎಲ್ಲರೆದುರು ಹಾಗನ್ನಬೇಕಾದವಳು ತಾನು. ರೋಜಾಗೆ ಕೂರಲಾಗಲಿಲ್ಲ. “ಈಗ ಬರ್ತೀನಿ ಟೀಚರ್,” ಎಂದವಳು ತಿರುಗಿಯೂ ನೋಡದೆ ಓಡಿದಳು.

ಊರ ಅಂಚಿನ ಮನೆಯಲ್ಲಿ ಚಂದನಾ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾಕ ಬಂದಿ?”

“ನೀ ಯಾಕ ಸರ್‌ಗೆ ಹೇಳಲಿಲ್ಲ?”

“ನೀನ ಹೇಳ್ತಿ ಅಂದ್ಕೊಂಡಿದ್ದೆ. ಗುರುವಾರ ಕಾದೆ. ನಿನ್ನೆನೂ ಕಾದೆ.” ಮರಿಯ ಬಾಯಿ ಒರೆಸಿದಳು. “ಇವತ್ತು ಕಾಯೂದು ಬಿಟ್ಟೆ.”

ಬೈದರೆ ಏನು ಹೇಳಬೇಕೆಂದು ರೋಜಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಅದೆಲ್ಲ ಬಿಟ್ಟು ಸರ್ ಮನೆಯ ಕಡೆ ಓಡಿದಳು.

ಭೀಮರಾಜ ಸರ್ ಮನೆ ಮುಂದೆ ಪೇಪರ್ ಓದುತ್ತಿದ್ದರು.

“ಸರ್, ವಾಚ್ ಬೀಳಿಸಿದ್ದು ನಾನ್ರಿ. ಚಂದನಾ ತೊಟ್ಟಿಯಿಂದ ತೆಗದಾಳ್ರಿ, ಅಷ್ಟ.”

ಸರ್ ಪೇಪರ್ ಮಡಚಿದರು. “ಮೂರು ದಿನ ಬಾಯಿ ಹೊಲಕೊಂಡಿದ್ದೇನು?”

“ಟೀಮಿಂದ ತೆಗೀತೀರಿ ಅಂತ ಅಂಜಿಕಿ ಆತ್ರಿ.”

“ಈಗ ತೆಗದೀನಿ.”

ರೋಜಾಳ ಕಣ್ಣು ತುಂಬಿತು. ಆದರೂ ತಲೆಯಾಡಿಸಿದಳು. ಸರ್ ಎದ್ದು ಚಪ್ಪಲಿ ಮೆಟ್ಟಿದರು. “ನಾನೂ ಆಕಿನ್ನ ಒಂದು ಮಾತು ಕೇಳಲಿಲ್ಲ ನೋಡು. ನಡಿ, ಇಬ್ಬರೂ ಹೋಗೂಣು.”

ಚಂದನಾಳ ಅಪ್ಪ ಚೌಡಣ್ಣನ ಎದುರಿಗೇ ಸರ್ ಹೇಳಿದರು: “ನಿಮ್ಮ ಹುಡುಗಿದೇನೂ ತಪ್ಪಿಲ್ಲ. ನಾನ ದುಡುಕಿದೆ. ಸೋಮವಾರ ಕಳಸ್ರಿ.”

“ನನ್ನಿಂದ ನಿನಗ ಬೈಗುಳ ಬಿತ್ತು,” ಎಂದಳು ರೋಜಾ.

ಚಂದನಾ “ಹೂಂ” ಎಂದಳು, ಅಷ್ಟೇ. ನಗಲಿಲ್ಲ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ ರೋಜಾ ಭಾರವಾದ ಕಾಲೆಳೆಯುತ್ತ ಮನೆಗೆ ಬಂದಳು.

ಭಾನುವಾರ ಚರ್ಚಿನಲ್ಲಿ ‘ನಮ್ಮ ತಪ್ಪು’ ಎನ್ನುವಾಗ ಅವಳ ದನಿ ನಡುಗಿತು. ಜನರನ್ನು ಕಂಡು ಹೆದರಿದ್ದಾಳೆ ಎಂದುಕೊಂಡರು ಹಿರಿಯರು. ಆದರೆ ಅವಳು ಎಲ್ಲೂ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಕೂಲ್ ಗೇಟಿನ ಮುಂದೆ ಟೆಂಪೊ ಹೊರಟು ನಿಂತಿತ್ತು. ಟೀಮಿನ ಹುಡುಗಿಯರು ಒಳಗೆ ಕೂಗಾಡುತ್ತಿದ್ದರು. ರೋಜಾ ಗೇಟು ಹಿಡಿದು ನಿಂತಿದ್ದಳು. ಕಿಟಕಿ ಪಕ್ಕ ಕೂತ ಚಂದನಾ ಆಚೆ ಕಡೆ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ತಿರುಗಿಸಿ ಕೂತ ಅಪರಿಚಿತರ ಹಾಗೆ.

ಟೆಂಪೊ ಚಲಿಸಿತು. ಆಗ ಅವಳು ಕತ್ತು ಹೊರಗೆ ಹಾಕಿದಳು.

“ಏ ರೋಜಾ! ಬರೂದು ಸಂಜಿ ಆಗತೈತಂತ. ನಮ್ಮ ಅವ್ವಗ ಹೇಳ್ತಿ?”

“ಹೇಳ್ತೀನಿ!”

ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು. ಸಂಜೆ ಹೋದರೂ ಆಗುತ್ತಿತ್ತೇನೋ. ರೋಜಾ ಬ್ಯಾಗನ್ನು ಗೇಟಿನ ಬಳಿಯೇ ಇಟ್ಟು, ಚಂದನಾಳ ಮನೆಯ ಕಡೆ ಓಡತೊಡಗಿದಳು.