ಗಿರಿಜೆಯ ಅಂಗೈ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಯಳಂದೂರು ಪೊಲೀಸ್ ಠಾಣೆಗೆ ಬಂದ ದೂರು ಅಚ್ಚುಕಟ್ಟಾಗಿ ಟೈಪ್ ಆಗಿತ್ತು. ತಂದವರು ಡಾ. ಮಹದೇವಪ್ರಸಾದ್, ಸೂಕ್ಷ್ಮಜೀವಿ ವಿಜ್ಞಾನದ ಪ್ರಾಧ್ಯಾಪಕರು. ಹೊಸಮಂಟಿ ಗ್ರಾಮದ ಆಚೆ, ಗದ್ದೆಬಯಲಿನ ಅಂಚಿನಲ್ಲಿ ಒಂದು ಕಲ್ಲುಮಂಟಪ. ಅದರ ಒಳಗೋಡೆಯ ಮೇಲೆ ಐದು ನೂರು ವರ್ಷದ ಹಿಂದಿನ ಗಿರಿಜಾ ಕಲ್ಯಾಣದ ಚಿತ್ರ. ಅದರ ಬಣ್ಣ ಯಾವ ಖನಿಜದ್ದು, ಕೆಂಪು ಬಣ್ಣ ವರ್ಷದಿಂದ ವರ್ಷಕ್ಕೆ ಏಕೆ ಕಪ್ಪಾಗುತ್ತಿದೆ, ಯಾವ ಸೂಕ್ಷ್ಮಜೀವಿ ಅದನ್ನು ತಿನ್ನುತ್ತಿದೆ ಎಂದು ಪ್ರಾಧ್ಯಾಪಕರ ತಂಡ ಸಂಶೋಧನೆ ನಡೆಸುತ್ತಿತ್ತು. ಬುಧವಾರ ಯಾರೋ ಗಿರಿಜೆಯ ಬಲ ಅಂಗೈಯನ್ನು ಗಾರೆ ಕಾಣುವ ಹಾಗೆ ಕೆರೆದು ಹಾಕಿದ್ದರು.

ಯಾರ ಮೇಲೆ ಅನುಮಾನ ಎಂಬುದನ್ನೂ ದೂರಿನಲ್ಲಿ ಮುಚ್ಚುಮರೆಯಿಲ್ಲದೆ ಬರೆದಿತ್ತು. ಮಕ್ಕಳ ಬಾಯಿಹುಣ್ಣಿಗೆ ಮದ್ದೆಂದು ಈ ಊರಿನ ಹೆಂಗಸರು ಚಿತ್ರದ ಕೆಂಪನ್ನು ಕೆರೆದುಕೊಂಡು ಹೋಗುತ್ತಾರೆ. ಬುಧವಾರ ಬೆಳಿಗ್ಗೆ ಕೂಸು ಎತ್ತಿಕೊಂಡಿದ್ದ ಪುಷ್ಪ ಎಂಬಾಕೆ ಮಂಟಪದಲ್ಲಿ ಇದ್ದಳು.

ಇನ್‌ಸ್ಪೆಕ್ಟರ್ ಶಾಂತರಾಜು ಎರಡು ಸಲ ಓದಿದರು. "ಕೆರೆಯೋದನ್ನ ನೀವು ನೋಡಿದ್ರಾ ಸಾರ್?"

"ಗೋಡೆಯ ಹತ್ತಿರ ನಿಂತಿದ್ದನ್ನು ನೋಡಿದೆ. ಆಮೇಲೆ ಹನ್ನೊಂದಕ್ಕೆ ನಾನು ಕೊಳ್ಳೇಗಾಲಕ್ಕೆ ಹೋದೆ."

"ಅಲ್ಲಿಂದ ಮತ್ತೆ ಬಂದ್ರಾ?"

"ಇಲ್ಲ. ಇಡೀ ದಿನ ಲಾಡ್ಜಿನಲ್ಲೇ ಇದ್ದೆ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಈ ಅನಾಹುತ. ಆಕೆ ಮೊದಲ ಬಸ್ಸಿಗೇ ಊರು ಬಿಟ್ಟಿದ್ದಾಳಂತೆ. ಇನ್ನೇನು ಬೇಕು ನಿಮಗೆ?"

ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಶಾಂತರಾಜು, ಹೆಡ್ ಕಾನ್‌ಸ್ಟೆಬಲ್ ಚಿನ್ನಸ್ವಾಮಿ ಮತ್ತು ಕಾನ್‌ಸ್ಟೆಬಲ್ ಶೃತಿ ಹೊಸಮಂಟಿಗೆ ಹೋದರು. ಮಂಟಪದ ಪೂಜೆ ನೋಡಿಕೊಳ್ಳುವ ತಮ್ಮಡಿ ಚಿಕ್ಕಮಾದಪ್ಪನನ್ನೂ ಊರ ಹಾಲಿನ ಡೇರಿಯವರೊಬ್ಬರನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರು ಮಾಡಿದರು.

ಶಾಂತರಾಜು ಈ ಚಿತ್ರವನ್ನು ಹಿಂದೆಂದೂ ನೋಡಿರಲಿಲ್ಲ. ಮದುವೆ ಚಪ್ಪರ, ಜಟೆಯ ಗಂಡು, ತಲೆ ಬಗ್ಗಿಸಿದ ಹೆಣ್ಣು, ಧಾರೆಯ ಗಿಂಡಿ ಹಿಡಿದ ಅಪ್ಪ. ಹೆಣ್ಣು ಕೈ ಚಾಚಿದ್ದಳು, ಮುಂಗೈಯ ಬಳೆಗಳ ತನಕ ಎಲ್ಲ ಇತ್ತು. ಅಲ್ಲಿಂದ ಮುಂದೆ ಕೈ ಇರಲಿಲ್ಲ. ಗಿಂಡಿಯ ನೀರು ಬರೀ ಗಾರೆಯ ಮೇಲೆ ಬೀಳುತ್ತಿತ್ತು. ಬರೆದವರು ಯಾರೆಂದು ಹೆಸರೂ ಉಳಿಯದ ಕೆಲಸ, ಇಷ್ಟು ಕಾಲ ಮಳೆ, ಬಾವಲಿ, ದೀಪದ ಹೊಗೆ ಎಲ್ಲವನ್ನೂ ತಡೆದುಕೊಂಡಿತ್ತು. ಅದನ್ನು ಹೀಗೆ ಮಾಡಿದ ಕೈಗೆ ಒಂದೇಟು ಬಿಗಿಯಬೇಕೆನಿಸಿತು ಅವರಿಗೆ.

"ಬರ್ಕೊಳಿ ಚಿನ್ನಸ್ವಾಮಿ. ಕೆರೆದ ಜಾಗ ಚೌಕವಾಗಿದೆ. ಅಂಚು ನೇರ. ಕೆಳಗೆ ಬಣ್ಣದ ಪುಡಿ ಬಿದ್ದಿಲ್ಲ."

ಗೋಡೆಯುದ್ದಕ್ಕೂ ಸೊಂಟದೆತ್ತರದ ಕಲ್ಲಿನ ಜಗಲಿ. ದೀಪದೆಣ್ಣೆ, ಮಸಿ, ಧೂಳು ಸೇರಿ ಅದರ ಮೇಲೆ ಜಿಡ್ಡು ಕಟ್ಟಿತ್ತು. ಅಂಗೈಯ ನೇರಕ್ಕೆ ಮಾತ್ರ ಊಟದ ತಟ್ಟೆಯಗಲದ ಜಾಗ ಬೆಳ್ಳಗಿತ್ತು. ಕಲ್ಲಿನ ಒರಟಿಗೆ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಶಾಂತರಾಜು ಅವನ್ನು ಚಿಮಟದಲ್ಲಿ ತೆಗೆದು ಕವರಿಗೆ ಹಾಕಿಸಿದರು.

"ಇದನ್ನ ಯಾರ್ ಒರೆಸಿದ್ದು ತಮ್ಮಡೇರೆ?"

"ನಾನಂತೂ ಅಲ್ಲ ಸಾ. ಒರೆಸೋದಾದ್ರೆ ಪೂರಾ ಒರೆಸ್ತಿದ್ದೆ, ಇಷ್ಟಗಲ ಒರೆಸಿ ಸುಮ್ಕಾಯ್ತಿದ್ನಾ?"

"ಹೆಂಗಸರು ಬಣ್ಣ ತಗೊಂಡು ಹೋಗೋದು ನಿಜವಾ?"

"ನಿಜವೇಯಾ. ಆದ್ರೆ ಕಾಲ್ನಾಗೆ ಮಾತ್ರ. ಉಗುರ್ನಾಗೆ ತಗಬೇಕು, ಕಬ್ಬುಣ ಸೋಕಿಸಂಗಿಲ್ಲ. ತಗಂಡ್ ಜಾಗಕ್ಕೆ ಅರಿಸಿಣ ಮೆತ್ತಿ ಕೈಮುಗ್ದು ಓಯ್ತಾರೆ. ಕೈನ ಯಾರೂ ಮುಟ್ಟಕಿಲ್ಲ ಸಾ. ಅದು ಧಾರೆ ಕೈಯಲ್ವಾ."

ಗಿರಿಜೆಯ ಪಾದದ ಬಳಿ ಗೋಡೆ ನಿಜವಾಗಿಯೂ ಸವೆದು ನುಣುಪಾಗಿತ್ತು. ಅಲ್ಲಿ ಅರಿಶಿಣ ಒಣಗಿದ್ದರೂ ಇನ್ನೂ ಹೊಸದಾಗಿ ಕಾಣುತ್ತಿತ್ತು. ಅಂಗೈಯ ಸುತ್ತ ಅರಿಶಿಣದ ಗುರುತೇ ಇರಲಿಲ್ಲ.

ತಮ್ಮ ಕಾರಿನಲ್ಲಿ ಬಂದು ಹಿಂದೆ ನಿಂತಿದ್ದ ಮಹದೇವಪ್ರಸಾದ್ ನಕ್ಕರು. "ಮೂಢನಂಬಿಕೆಗೂ ಕಾನೂನು ಇದೆಯೇ ಇನ್‌ಸ್ಪೆಕ್ಟರೇ? ಕಾಲು ಕೆರೆಯುವವರು ಕೈ ಕೆರೆಯುವುದಿಲ್ಲವೇ?"

ಆ ನಗು ಶಾಂತರಾಜು ಅವರಿಗೆ ಹಿಡಿಸಲಿಲ್ಲ. ಕೈ ಕಳೆದುಕೊಂಡ ಚಿತ್ರದ ಮುಂದೆ ನಿಂತು ನಗಲು ಬಂದ ಮನುಷ್ಯನಿಗೆ ಆ ಚಿತ್ರದ ಮೇಲೆ ಎಷ್ಟು ಪ್ರೀತಿ ಇದ್ದೀತು ಎಂದುಕೊಂಡರು. ಆದರೆ ಇಷ್ಟವಾಗದ ನಗು ಸಾಕ್ಷಿಯಾಗುವುದಿಲ್ಲ. ಪಂಚನಾಮೆಗೆ ಸಹಿ ಹಾಕಿಸಿಕೊಂಡು, ಕೊಳ್ಳೇಗಾಲ, ಹನೂರು ದಾಟಿ ಮಧ್ಯಾಹ್ನ ಮೂರಕ್ಕೆ ಪುಷ್ಪಳ ತವರೂರು ಮಾರ್ಟಳ್ಳಿ ತಲುಪಿದರು.

ಪುಷ್ಪ ತವರುಮನೆಯ ಬಾಗಿಲಲ್ಲಿ ಕೂಸಿಗೆ ಗಂಜಿ ನೀರು ಕುಡಿಸುತ್ತಿದ್ದಳು. ಜೀಪು ನೋಡಿದ್ದೇ ಅವಳ ತಾಯಿ ವೀರಮ್ಮ ಅಡ್ಡ ಬಂದು ನಿಂತಳು. "ಅಯ್ಯೋ ಸಾಮಿ, ಟಿವಿನಾಗೆ ನಮ್ ಮಗಳ ಎಸ್ರು ಏಳ್ತಾವ್ರೆ. ದೇವ್ರ ಕೈ ಕಡ್ದೋಳು ಅಂತಾವ್ರೆ. ಅವ್ಳ್ ಅತ್ತೆ ಫೋನ್ ಮಾಡಿ, ಇನ್ ಈ ಮನೆ ಒಸ್ಲು ತುಳೀಬ್ಯಾಡ ಅಂದ್ಬುಟ್ಳು."

ಎಫ್‌ಐಆರ್ ಆಗಿ ಒಂದು ಹೊತ್ತು ಕಳೆದಿರಲಿಲ್ಲ. ದೂರಿನ ಪ್ರತಿ ಟಿವಿಯವರಿಗೆ ಹೋದದ್ದು ಠಾಣೆಯಿಂದಲ್ಲ ಎಂಬುದು ಶಾಂತರಾಜು ಅವರಿಗೆ ಗೊತ್ತಿತ್ತು. ಹಾಗಾದರೆ ಕಳಿಸಿದ್ದು ದೂರುದಾರರೇ. ಅವರಿಗೆ ಮೈಯೆಲ್ಲ ಉರಿಯಿತು.

ಶೃತಿ ಪುಷ್ಪಳ ಪಕ್ಕ ಕುಳಿತು ಕೇಳಿದಳು. "ಊರು ಬಿಟ್ಟು ಯಾಕ್ ಬಂದೆ?"

"ಮೊಗೀಗೆ ಬಾಯುಣ್ಣು ಕಣಕ್ಕ. ಆಲೂ ಕುಡೀತಿರ್ನಿಲ್ಲ. ಅವ್ವ ಇದ್ರೆ ಆಸ್ಪತ್ರೆಗೆ ಓಗಕ್ಕೆ ಆಸ್ರೆ ಅಂತ ಬಂದಿ."

"ಮಂಟಪದಲ್ಲಿ ಏನ್ ಮಾಡ್ದೆ?"

"ಬಣ್ಣ ತಗನಿಲ್ಲ ಅಕ್ಕ. ಆ ಮೇಷ್ಟ್ರ ಜೊತೆ ಬರೋ ಮಧುಶ್ರೀಯಕ್ಕ ಏಳಿದ್ರು, ಆ ಕೆಂಪು ಸೀಸದ್ದು, ಮಕ್ಳ ಒಟ್ಟೆಗೆ ಇಸ ಅಂತ. ಅದ್ಕೆ ಕಾಲ್ ಮುಟ್ಟಿ ಕಣ್ಣಿಗೊತ್ಕಂಡು, ಅರಿಸಿಣ ಮೆತ್ತಿ ಬಂದ್ಬುಟ್ಟಿ." ಅವಳು ಕೂಸನ್ನು ಎದೆಗೊತ್ತಿಕೊಂಡಳು. "ನನ್ನ ಜೈಲ್ಗೆ ಆಕಿದ್ರೆ ಇವನ್ಗೆ ಯಾರ್ ಆಲು ಕುಡಿಸ್ತಾರೆ ಸಾ?"

ಶಾಂತರಾಜು ಹೇಳಿಕೆ ಬರೆಸಿಕೊಂಡು, ಕೂಸನ್ನು ಹನೂರಿನ ಆಸ್ಪತ್ರೆಗೆ ತೋರಿಸುವಂತೆ ಹೇಳಿ, ನಾಳೆ ಬೆಳಿಗ್ಗೆ ಠಾಣೆಗೆ ಬರಬೇಕೆಂದು ನೋಟಿಸು ಕೊಟ್ಟರು. ಹಿಂದಿರುಗುವ ದಾರಿಯಲ್ಲಿ ಮೇಲಧಿಕಾರಿಯ ಫೋನ್ ಬಂತು. ಟಿವಿಯಲ್ಲಿ ಇಷ್ಟೊಂದು ಬರುತ್ತಿದೆ, ಹೆಸರು ಸಿಕ್ಕಿದೆ, ಇನ್ನೂ ಹೊರಗೆ ಬಿಟ್ಟಿದ್ದೀರಲ್ಲ? ನಾಳೆ ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪುಷ್ಪ ತಾಯಿಯೊಂದಿಗೆ ಬಂದು ಠಾಣೆಯ ಬೆಂಚಿನ ಮೇಲೆ ಕೂತಳು. ಓಡಿಹೋಗುವವಳಾಗಿದ್ದರೆ ತಮಿಳುನಾಡಿನ ಗಡಿ ಅವಳ ಹಿತ್ತಲಲ್ಲೇ ಇತ್ತು. ಅದೇ ಹೊತ್ತಿಗೆ ಶಾಂತರಾಜು ಕೊಳ್ಳೇಗಾಲದಲ್ಲಿದ್ದರು. ಪ್ರಾಧ್ಯಾಪಕರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಮಧುಶ್ರೀ ಅಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದಳು. ಕೋಣೆಯ ತುಂಬ ಗಾಜಿನ ತಟ್ಟೆಗಳು, ಸೂಕ್ಷ್ಮದರ್ಶಕ, ಬಣ್ಣದ ಕಲ್ಲುಗಳ ಡಬ್ಬಿಗಳು.

"ನೀವು ಇಲ್ಲಿ ಮಾಡೋ ಕೆಲಸ ಏನು, ಸ್ವಲ್ಪ ತೋರಿಸ್ತೀರಾ?"

ಅವಳು ಗಾಜಿನ ತಟ್ಟೆಯೊಂದನ್ನು ಎತ್ತಿಕೊಂಡಳು. ಅದನ್ನು ಮೇಜಿನ ಮೇಲಿಡುವ ಮುನ್ನ ಸೀಸೆಯಿಂದ ಸ್ಪಿರಿಟ್ ಚಿಮುಕಿಸಿ, ಹತ್ತಿಯಿಂದ ಮೇಜಿನ ಅಷ್ಟಗಲ ಜಾಗವನ್ನು ಒರೆಸಿದಳು. ಮೇಜು ಮೊದಲೇ ಚೊಕ್ಕಟವಾಗಿತ್ತು.

"ಯಾಕಮ್ಮ ಒರೆಸಿದೆ?"

"ಅಭ್ಯಾಸ ಸರ್. ಸಾಮಾನು ಇಡೋ ಜಾಗ ಒರೆಸದೆ ಸೂಕ್ಷ್ಮಜೀವಿ ಕೆಲಸಕ್ಕೆ ಕೈ ಹಾಕೋ ಹಾಗಿಲ್ಲ. ಬೇರೆ ಕಡೆಯ ಜೀವಿ ಸೇರಿಬಿಟ್ಟರೆ ಎಲ್ಲ ಕೆಟ್ಟ ಹಾಗೆ. ನಮ್ಮ ಗೈಡ್ ಮೊದಲ ದಿನವೇ ಬೈದು ಕಲಿಸಿದ್ದು, ಈಗ ಕೈ ತಾನಾಗಿಯೇ..." ಅವಳು ಕೈಯಲ್ಲಿದ್ದ ಹತ್ತಿಯನ್ನು ನೋಡಿದಳು.

"ಮಂಟಪದ ಜಗಲಿ ನೀವೂ ನೋಡಿದ್ದೀರಿ, ಅಲ್ವಾ?"

"ನೋಡಿದೆ ಸರ್, ನಿನ್ನೆ ಬೆಳಿಗ್ಗೆ ಗೈಡ್ ಜೊತೆ ಹೋದಾಗ."

"ಬುಧವಾರ ಮಧ್ಯಾಹ್ನ ನೀವೆಲ್ಲಿದ್ರಿ?"

"ಬೆಳಿಗ್ಗೆ ಅವರ ಕಾರಿನಲ್ಲೇ ವಾಪಸ್ ಬಂದೆ. ಆಮೇಲೆ ಇಲ್ಲೇ ಇದ್ದೆ. ಕೆಳಗಿನ ಮನೆಯವರನ್ನ ಕೇಳಿ."

"ನಿಮ್ಮ ಗೈಡ್‌ಗೆ ಆ ಅಂಗೈ ಮೇಲೆ ಏನು ಕೋಪ?"

ಮಧುಶ್ರೀ ಹತ್ತಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಒಂದೇ ಸಮನೆ ಹೇಳಿದಳು. ಕೆಂಪನ್ನು ಕಪ್ಪು ಮಾಡುತ್ತಿರುವುದು ಒಂದು ಹೊಸ ಬ್ಯಾಕ್ಟೀರಿಯಾ, ಅದು ಗಿರಿಜೆಯ ಅಂಗೈಯಲ್ಲಿ ಸಿಕ್ಕಿತು ಎಂದು ಮಹದೇವಪ್ರಸಾದ್ ಲೇಖನ ಬರೆದಿದ್ದರು. ಆ ಜೀವಿಗೆ ತಮ್ಮ ಹೆಸರನ್ನೇ ಇಟ್ಟಿದ್ದರು. ಎಲ್ಲ ಕಡೆ ಸನ್ಮಾನವಾಯಿತು. ಆದರೆ ಅದೇ ಅಂಗೈಯಿಂದ ಅವಳು ಎಷ್ಟು ಸಲ ಸೂಜಿಮೊನೆಯಷ್ಟು ಬಣ್ಣ ತೆಗೆದು ಬೆಳೆಸಿ ನೋಡಿದರೂ ಆ ಜೀವಿ ಬರಲೇ ಇಲ್ಲ. ಬೆಳಕು, ತೇವ ತಾಗಿ ಸೀಸದ ಕೆಂಪು ತಾನಾಗಿಯೇ ಕಪ್ಪಾಗುತ್ತಿತ್ತು, ಅಷ್ಟೇ. ಕೊನೆಗೆ ಆ ಜೀವಿ ಸಿಕ್ಕಿದ್ದು ಅವರದೇ ಪ್ರಯೋಗಾಲಯದ ನಲ್ಲಿ ನೀರಿನಲ್ಲಿ.

"ಶನಿವಾರ ಹೊರಗಿನ ತಜ್ಞರು ಬರ್ತಿದ್ದಾರೆ ಸರ್. ಅದೇ ಅಂಗೈಯಿಂದ ತಾವೇ ಬಣ್ಣ ತೆಗೆದು ಪರೀಕ್ಷೆ ಮಾಡ್ತೀವಿ ಅಂದಿದ್ರು."

"ಇಷ್ಟೆಲ್ಲ ಗೊತ್ತಿದ್ದೂ ನಿನ್ನೆಯಿಂದ ಸುಮ್ನಿದ್ರಲ್ಲ? ಹಾಲು ಕುಡಿಯೋ ಮಗು ಎತ್ಕೊಂಡು ಒಬ್ಬಳು ನಮ್ಮ ಸ್ಟೇಷನ್ನಿನಲ್ಲಿ ಕೂತವಳೆ."

"ನನ್ನ ಪಿಎಚ್‌ಡಿ ಅವರ ಸಹಿ ಮೇಲೆ ನಿಂತಿದೆ ಸರ್." ಅವಳು ಕಣ್ಣೊರೆಸಿಕೊಂಡಳು. "ಪುಷ್ಪನ ಮಗುವಿನ ನಾಮಕರಣಕ್ಕೆ ನನ್ನನ್ನೂ ಕರೆದಿದ್ದಳು. ಬರ್ಕೊಳಿ, ಹೇಳಿಕೆ ಕೊಡ್ತೀನಿ."

ಆ ಹೊತ್ತಿಗೆ ಚಿನ್ನಸ್ವಾಮಿಯ ಫೋನ್ ಬಂತು. ಹೊಸಮಂಟಿಯ ಹಾಲಿನ ಡೇರಿಯ ಕ್ಯಾಮೆರಾ ಮಂಟಪದ ದಾರಿಗೆ ತಿರುಗಿತ್ತು. ಬುಧವಾರ ಊರಿಗೆ ಊರೇ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಎರಡು ಗಂಟೆ ಹತ್ತು ನಿಮಿಷಕ್ಕೆ ಪ್ರಾಧ್ಯಾಪಕರ ಕಾರು ಆ ಕಡೆ ಹೋಗಿ ಮೂರರ ಸುಮಾರಿಗೆ ಹಿಂದಿರುಗಿತ್ತು. ಕಾರಿನಲ್ಲಿ ಅವರೊಬ್ಬರೇ.

ಮಧ್ಯಾಹ್ನ ಒಂದಕ್ಕೆ ಲಾಡ್ಜಿನ ಅಂಗಳದಲ್ಲಿ ಪಂಚರ ಸಮಕ್ಷಮ ಕಾರು ಶೋಧಿಸಿದರು. ಹಿಂದಿನ ಡಿಕ್ಕಿಯಲ್ಲಿ ಐಸ್ ಡಬ್ಬಿ, ಅದರೊಳಗೆ ಮುಚ್ಚಳ ಬಿಗಿದ ಒಂದು ಪುಟ್ಟ ಗಾಜಿನ ನಳಿಗೆ. ಅದರ ತಳದಲ್ಲಿ ಕಪ್ಪು ಬೆರೆತ ಕೆಂಪು ಪುಡಿ. ದಾರಿಯಲ್ಲಿ ಸುವರ್ಣಾವತಿ ಹೊಳೆ ಇತ್ತು, ರಸ್ತೆಯುದ್ದಕ್ಕೂ ಗದ್ದೆಯ ಕಾಲುವೆಗಳಿದ್ದವು. ಎಲ್ಲಿ ಸುರಿದಿದ್ದರೂ ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಸ್ಯಾಂಪಲ್ ಎಂದರೆ ಎಸೆಯಲಾಗದ ಕೈ ಅದು.

"ಇದೇನು ಸಾರ್?"

ಮಹದೇವಪ್ರಸಾದ್ ಐಸ್ ಡಬ್ಬಿಯ ಮುಚ್ಚಳ ಮುಚ್ಚಲು ಕೈ ಚಾಚಿದರು.

"ಹನ್ನೊಂದಕ್ಕೆ ಹೋದವರು ಎರಡು ಗಂಟೆಗೆ ಮತ್ತೆ ಯಾಕೆ ಬಂದ್ರಿ?"

ನಳಿಗೆಗೆ ಅರಗಿನ ಮುದ್ರೆ ಬಿತ್ತು. ಸ್ಮಾರಕಕ್ಕೆ ಹಾನಿ ಮಾಡಿದ್ದಲ್ಲದೆ ಸುಳ್ಳು ದೂರು ಕೊಟ್ಟ ಕಲಮನ್ನೂ ಸೇರಿಸಿ, ಮಧ್ಯಾಹ್ನ ಮೂರಕ್ಕೆ ಯಳಂದೂರು ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು.

ಒಳಕೋಣೆಯಲ್ಲಿ ಒಂದು ಲೋಟ ನೀರು ಕುಡಿದ ಮೇಲೆ ಅವರೇ ಬಾಯಿ ಬಿಟ್ಟರು. ಮೊದಲು ಅವರೂ ನಿಜವೆಂದೇ ನಂಬಿದ್ದರು. ಆಯುಷ್ಯವಿಡೀ ಇತರರ ಲೇಖನಗಳ ಕೊನೆಯ ಸಾಲಿನಲ್ಲಿ ಬರುತ್ತಿದ್ದ ಹೆಸರು, ಆ ಜೀವಿಯ ದೆಸೆಯಿಂದ ಮೊದಲ ಸಲ ತಲೆಬರಹಕ್ಕೆ ಬಂದಿತ್ತು. ಸಭೆಯೊಂದರಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನಲ್ಲಿ ನೀರಿನ ವಿಷಯ ಮಧುಶ್ರೀ ಹೇಳಿದ ದಿನ, ನನ್ನಿಂದ ತಪ್ಪಾಯಿತು ಎಂದು ನಾಲ್ಕು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆ ನಾಲ್ಕು ಸಾಲು ಬರೆಯಲು ಬಾರದ ಕೈ ಚಾಕು ಹಿಡಿಯಿತು.

"ಆ ಹೆಂಗಸಿಗೆ ಅಂಥಾದ್ದೇನೂ ಆಗುತ್ತಿರಲಿಲ್ಲ ಇನ್‌ಸ್ಪೆಕ್ಟರೇ," ಎಂದರು. "ತಿಳಿವಳಿಕೆ ಇಲ್ಲದವಳೆಂದು ಕೋರ್ಟೇ ಬಿಡುತ್ತಿತ್ತು. ನನ್ನ ಹೆಸರು ಹೋದರೆ ಮತ್ತೆ ಬರುತ್ತದೆಯೇ?"

ಶಾಂತರಾಜು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಆಚೆ ಬೆಂಚಿನ ಮೇಲೆ ಕೂತವಳೆ. ಬನ್ನಿ, ಈ ಮಾತನ್ನ ಅವಳ ಮುಂದೆ ನಿಂತು ಹೇಳಿ."

ಅವರು ಹೊರಗೆ ಬಂದಾಗ ಪುಷ್ಪ ಕೂಸನ್ನು ಎತ್ತಿಕೊಂಡು ಎದ್ದು ನಿಂತಳು. ದೊಡ್ಡವರು ಬಂದರೆ ಏಳುವುದು ಅವಳಿಗೆ ಗೊತ್ತಿದ್ದ ರೀತಿ. ಅದನ್ನು ನೋಡಿ ಶಾಂತರಾಜು ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಕೂತ್ಕೊಳಮ್ಮ! ಇವರಿಗೆ ನೀನು ಏಳ್ಬೇಕಾಗಿಲ್ಲ. ಕೈ ಕೆರೆದೋರು ಇವರೇ. ನಿನ್ನ ಮೇಲಿನ ದೂರು ಸುಳ್ಳು. ನಿಮ್ಮ ಅತ್ತೆ ಮನೆಗೆ ನಾನೇ ಬಂದು ಹೇಳ್ತೀನಿ."

ಪುಷ್ಪ ಕೂರಲಿಲ್ಲ. ಪ್ರಾಧ್ಯಾಪಕರನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು.

"ನಮ್ಮೂರ್ನಾಗೆ ಮದ್ವೆ ಆದೋರ್ನೆಲ್ಲ ಮೊದ್ಲು ಆ ಕೈ ಮುಂದೆ ನಿಲ್ಲಿಸ್ತಾರೆ ಸಾ. ನನ್ನೂ ನಮ್ಮೆಜಮಾನ್ರನ್ನೂ ನಿಲ್ಲಿಸಿದ್ರು. ಇನ್ಮ್ಯಾಲೆ ಬರೋ ಮಕ್ಳ ಎಲ್ಲಿ ನಿಲ್ಲಿಸದು?"

ಠಾಣೆಯಲ್ಲಿ ಎಲ್ಲರೂ ಕಾದರು. ಮಹದೇವಪ್ರಸಾದ್ ಅವಳ ಮುಖ ನೋಡಲಾರದೆ ತಾವಾಗಿಯೇ ಲಾಕಪ್ಪಿನ ಕಡೆ ತಿರುಗಿದರು. ಚಿನ್ನಸ್ವಾಮಿ ಪೆನ್ನು ತೆಗೆದು, ಬೆಳಗಿನಿಂದ ಬರೆಯುತ್ತಿದ್ದ ಹಾಳೆಯ ಕೆಳಗೆ ಅದನ್ನೂ ಬರೆದರು: ಈ ಪ್ರಶ್ನೆಗೆ ಆರೋಪಿಯು ಉತ್ತರಿಸಿರುವುದಿಲ್ಲ.