ಸಂಡೂರಿನ ಎಂಟನೇ ಫೋನ್

ಸಂಡೂರು ಬಸ್ ನಿಲ್ದಾಣದ ಎದುರು ಲಲಿತಾಳ ಮೊಬೈಲ್ ರಿಪೇರಿ ಅಂಗಡಿಯ ಬೀಗ ಮುರಿದಿತ್ತು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಗಿರಾಕಿಗಳು ವರ್ಷಗಳ ಹಿಂದೆ ಬಿಟ್ಟುಹೋದ ಏಳು ಹಳೆಯ ಫೋನುಗಳು ಮೇಜಿನ ಮೇಲೆ ಬಿಚ್ಚಿಕೊಂಡಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಬೋರಲು ಹಾಕಿದ ಒಂದು ಕಾಗದದ ಕಪ್. ಇನ್‌ಸ್ಪೆಕ್ಟರ್ ಶಾಂಭವಿ ಒಂದನ್ನು ಎತ್ತಿದಳು. ಕೆಳಗೆ ನಾಲ್ಕು ಸ್ಕ್ರೂ.

ಅವುಗಳ ಜೊತೆಗಿದ್ದ ಎಂಟನೇ ಫೋನ್, ಲಲಿತಾಳ ಸ್ವಂತದ್ದು, ಇರಲಿಲ್ಲ.

"ಅದರಾಗ ಏನಿತ್ತು?" ಎಂದು ಲಲಿತಾಳನ್ನು ಕೇಳಿದಳು.

"ಸೈಕಲ್ ಟ್ಯೂಬ್ ಕತ್ತರಿಸಿ ನಾ ಕೂಡಿಸಿದ್ದ ರಬ್ಬರ್ ಪಟ್ಟಿ ರೀ. ಅದಿರಿನ ಧೂಳು ಒಳಗ ಹೋಗಬಾರ್ದಂತ. ಹೊರಗಿಂದ ಎಂಟೂ ಒಂದ ನಮೂನಿ. ಬಿಚ್ಚಿದ್ರ ಮಾತ್ರ ಗೊತ್ತಾಗೂದು."

ಆ ಪಟ್ಟಿಯ ಮೇಲೆಯೇ ಹಗರಿ ಮೊಬೈಲ್ಸ್ ಎಂಬ ಕಂಪನಿ ಎದ್ದಿತ್ತು. ಅದರ ಸಿಇಒ ರೇವಣಸಿದ್ದ ಹದಿನೈದು ವರ್ಷದ ಹಿಂದೆ ಇದೇ ಮೇಜಿನಲ್ಲಿ ಕೆಲಸ ಕಲಿತವನು. ಧೂಳು ಹೊಗದ ಫೋನ್ ತನ್ನ ಕಲ್ಪನೆ ಎಂದೇ ಹೇಳಿಕೊಂಡು ಅವನು ಮೇಲೆ ಬಂದಿದ್ದ. ಅದು ತನ್ನದೆಂದು ಲಲಿತಾ ಕೋರ್ಟಿಗೆ ಹೋಗಿದ್ದಳು. ಸೋಮವಾರ ವಿಚಾರಣೆ. ಅವಳಿಗಿದ್ದ ಸಾಕ್ಷಿ ಆ ಫೋನ್ ಒಂದೇ.

"ಯಾರ ಮ್ಯಾಲಾದ್ರೂ ಅನುಮಾನ?"

ಲಲಿತಾ ಕಪ್‌ಗಳನ್ನೇ ನೋಡುತ್ತ ನಿಂತಳು. ಶಾಂಭವಿಗೆ ಅನ್ನಿಸಿತು: ಇವಳಿಗೆ ಏನೋ ಗೊತ್ತು.

* * *

ಲಲಿತಾ ಹೋದ ತಿಂಗಳು ಕೆಲಸದಿಂದ ಬಿಡಿಸಿದ್ದ ಮಾರುತೇಶ್ ವಡ್ಡು ಎಂಬ ಊರಿನಲ್ಲಿ ಸಿಕ್ಕ.

"ಕಳವು ಆತಂದ್ರ ಮೊದ್ಲು ನಾನ ನೆನಪಾಗ್ತೀನೇನ್ರಿ?"

"ಸ್ಕ್ರೂ ಬಿಚ್ಚಿದ್ರ ಎಲ್ಲಿಡ್ತೀಯೋ?"

"ಮುಚ್ಚಳದ ಡಬ್ಬಿಯಾಗ. ಆರು ವರ್ಷ ಹಿಂದ ನಾ ಸೇರಿದಾಗಿಂದ ಹಂಗ."

"ಕಪ್ ಬೋರಲು ಹಾಕೂದಿಲ್ಲ?"

"ಯಾಕ್ರಿ ಮೇಡಂ, ಸ್ಕ್ರೂ ಚಾ ಕುಡಿತಾವೇನು?"

ಅವನ ನಗು ಸುಳ್ಳಾಗಿರಲಿಲ್ಲ.

ಅಂಗಡಿ ಪಕ್ಕದ ಚಹಾದ ಕೆಂಚಣ್ಣ ಹೇಳಿದ: "ಡಬ್ಬಿ ಬರೂಕ್ಕಿಂತ ಮೊದ್ಲು ನನ್ನ ಕಪ್ಪ ಒಯ್ಯೂರು. ಧೂಳು ಕೂಡಬಾರ್ದಂತ ಸ್ಕ್ರೂ ಮ್ಯಾಲ ಮುಚ್ಚೂರು. ಲಲಿತಕ್ಕ, ಮತ್ತ ಆ ರೇವಣಸಿದ್ದ. ಬ್ಯಾರೆ ಯಾರಿದ್ರು?"

* * *

ರೇವಣಸಿದ್ದ ಕಾರ್ಖಾನೆಗೆ ಜಾಗ ನೋಡಲು ಬಂದು ಹಂಪಿಯ ಹತ್ತಿರದ ಹೋಟೆಲಿನಲ್ಲಿ ಇಳಿದಿದ್ದ.

"ಸಂಡೂರಿಗೆ ನಾನು ಹೋಗಿ ಹದಿನೈದು ವರ್ಷವಾಯಿತು."

"ಇರ್ಲಿ ಸರ್. ಇದು ನಮ್ಮವ್ವನ ಫೋನ್, ಕೆಟ್ಟೈತಿ. ನೀವು ರಿಪೇರಿ ಮಾಡ್ಕೋಂತ ಮ್ಯಾಲ ಬಂದವರು. ಒಂಚೂರು ನೋಡ್ರಲ್ಲ."

ಅವನ ಮುಖ ಅರಳಿತು. ಪ್ರತಿ ಸಂದರ್ಶನದಲ್ಲೂ ಅವನು ಹೇಳುತ್ತಿದ್ದ ಕಥೆ ಅದು. ಶಾಂಭವಿ ಸ್ಕ್ರೂಡ್ರೈವರ್ ಕೊಟ್ಟಳು. ಬೆರಳುಗಳು ತಾವಾಗಿಯೇ ಓಡಿದವು. ನಾಲ್ಕು ಸ್ಕ್ರೂ ಮೇಜಿಗೆ ಬಂದವು. ಪಕ್ಕದ ಖಾಲಿ ಲೋಟವನ್ನು ಅವುಗಳ ಮೇಲೆ ಬೋರಲು ಹಾಕಿದ.

ಎಸಿ ಕೋಣೆ. ಧೂಳೇ ಇರಲಿಲ್ಲ.

"ಈ ಪದ್ಧತಿ ಲಲಿತಾ ಬಿಟ್ಟು ಆರು ವರ್ಷದ ಮ್ಯಾಲಾತು," ಎಂದಳು ಶಾಂಭವಿ. "ಮಾರುತೇಶ್ ಅದನ್ನ ಕಂಡಿಲ್ಲ. ನೀವು ಯಾರನ್ನಾದ್ರೂ ಕಳಿಸಿದ್ದಿದ್ರ ಆ ಆಳಿಗೂ ಗೊತ್ತಿರ್ತಿರಲಿಲ್ಲ. ಹಂಗಾದ್ರ ಉಳಿದಾವ್ರು ನೀವೊಬ್ರ. ಒಂದು ಮಾತ್ರ ನನಗ ತಿಳೀವಲ್ದು. ಎಂಟೂ ಚೀಲಕ್ಕ ಹಾಕ್ಕೊಂಡು ಬರಬಹುದಿತ್ತು. ಏಳು ಯಾಕ ಬಿಟ್ರಿ?"

ಅವನು ಲೋಟ ಎತ್ತಿ ನಾಲ್ಕು ಸ್ಕ್ರೂಗಳನ್ನು ನೋಡಿದ.

"ಅವು ಗಿರಾಕಿಗಳವು ರೀ. ಗಿರಾಕಿ ಫೋನು ಅಂಗಡಿ ದಾಟಬಾರ್ದಂತ ಅಕ್ಕ ಕಲಿಸಿದ್ಲು."

ಎದ್ದು ಸೂಟ್‌ಕೇಸ್ ತೆರೆದ. ಅಂಗಿಗಳ ನಡುವೆ ಫೋನ್ ಇತ್ತು. ರಬ್ಬರ್ ಪಟ್ಟಿ ಹಾಗೇ ಇತ್ತು.

"ಒಡದು ಹೊಳ್ಯಾಗ ಒಗೀಬೇಕಂತ ಇದ್ದೆ. ಕೈ ಬರ್ಲಿಲ್ಲ."

ಶಾಂಭವಿ ಅದನ್ನು ಕವರಿನಲ್ಲಿ ಹಾಕಿ ಸೀಲ್ ಮಾಡಿದಳು. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು.

"ಅಕ್ಕ ನನ್ನ ಹೆಸರು ಹೇಳಿದ್ಲೇನ್ರಿ?"

"ಇಲ್ಲ. ಆ ಕಪ್ ನೋಡಿ ಅಕಿಗೆ ಗೊತ್ತಾಗಿತ್ತು, ಆದ್ರೂ ಕೊನೀತನಕ ಬಾಯಿ ಬಿಡ್ಲಿಲ್ಲ."

ರೇವಣಸಿದ್ದ ಸೂಟ್‌ಕೇಸ್ ಮುಚ್ಚಿದ.

"ಹೇಳಿದ್ದಿದ್ರ ಛಲೋ ಇತ್ತು," ಎಂದ.