ಬುಧವಾರದ ಉಸಿರು

"ಈ ಹಾಳೆ ತುಂಬಿಸಿದ್ದು ಯಾರು?"

ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಅವಳ ಕೈ ಗಕ್ಕನೆ ನಿಂತಿತು. ಎದುರಿಗಿದ್ದವನು ಊದೋ ಡಾಕ್ಟರು! ಹಿಟ್ಟಿನ ಧೂಳಿಗೂ ಉಬ್ಬಸಕ್ಕೂ ಇರುವ ನಂಟನ್ನು ಹುಡುಕಲು ಬಂದವನು, ಹಿಟ್ಟು ನಾದುವವರಿಗೆಲ್ಲ ಉಸಿರಿನ ಜೋರು ಅಳೆಯುವ ಪುಟ್ಟ ಕೊಳವೆ ಹಂಚಿದ್ದ. ದಿನಾ ಮನೆಯಲ್ಲಿ ಊದಿ ಅಂಕಿ ಬರೆಯಬೇಕು. ಅದಕ್ಕೇ ಆ ಹೆಸರು.

"ನಮ್ಮಪ್ಪಾನೇ," ಎಂದಳು ಕಣ್ಣು ತಪ್ಪಿಸಿ.

"ಅಪ್ಪನಿಗೆ ರಜೆ ಭಾನುವಾರ. ಇಲ್ಲಿ ಉಸಿರು ಚೇತರಿಸ್ಕೊಂಡಿರೋದು ಬುಧವಾರ. ಪ್ರತಿ ಬುಧವಾರ! ಬುಧವಾರ ಯಾರಿಗ್ರೀ ರಜೆ?"

ಅವಳಿಗೆ! ಹಿಟ್ಟು ನಾದುವ ಅಪ್ಪನ ಉಬ್ಬಸ ಬಯಲಾದರೆ ಕೆಲಸ ಹೋಗುತ್ತದೆಂದು ಹೆದರಿ ಅವನ ಬದಲು ಅವಳೇ ಊದಿದ್ದಳು.

"ಹೋಗಿ, ಮಾಲೀಕರಿಗೆ ಹೇಳಿ! ಮೂವತ್ತು ವರ್ಷ ದುಡಿದೋರ ಹೊಟ್ಟೆ ಮೇಲೆ ಹೊಡೀರಿ!"

"ಅಪ್ಪನ ಮಾತು ಆಮೇಲೆ. ಊದಿದ್ದು ನೀವಾದ್ರೆ, ಕೆಲಸದ ದಿನ ಕುಸೀತಿರೋದು ನಿಮ್ಮ ಉಸಿರು..." ಅವನು ಹಾಳೆ ಕೆಳಗಿಟ್ಟ. "ನಿಮಗೂ ಶುರುವಾಗಿದೆ ರೀ."

ನಕ್ಕುಬಿಡೋಣವೆಂದುಕೊಂಡಳು. ಆಗಲಿಲ್ಲ. ಮೆಟ್ಟಿಲು ಹತ್ತುವಾಗಿನ ಏದುಸಿರು... ಆಗಲೇ ಅಜ್ಜಿಯಾದೆ ಎಂದು ಗೆಳತಿಯರು ಚುಡಾಯಿಸಿದ್ದು...

ಆ ವಾರವೇ ಮಾಲೀಕರು ಎಲ್ಲರನ್ನೂ ಕರೆಸಿದರು. ಅವಳು ಡಾಕ್ಟರನ್ನು ದುರುಗುಟ್ಟಿ ನೋಡಿದಳು. ಹೇಳೇಬಿಟ್ಟ ಪುಣ್ಯಾತ್ಮ!

ಆದರೆ ಅವನ ವರದಿಯಲ್ಲಿ ಒಂದೂ ಹೆಸರಿರಲಿಲ್ಲ.

"ಹೆಸರಿಲ್ಲದ ರೋಗಿಗಳಾ?" ಮಾಲೀಕರು ಕೊಂಕು ನಕ್ಕರು. "ಒಬ್ಬರನ್ನ ತೋರಿಸ್ರೀ ನೋಡೋಣ!"

"ಹೆಸರು ಹೇಳಲ್ಲ ಅಂತ ಇವರಿಗೆ ಮಾತು ಕೊಟ್ಟಿದೀನಿ ಸಾರ್."

ಎಷ್ಟು ಬೈಸಿಕೊಂಡರೂ ಅವನು ಬಾಯಿ ಬಿಡಲಿಲ್ಲ. ಅಯ್ಯೋ, ಇಂಥವನನ್ನು ಏನೆಲ್ಲ ಅಂದುಬಿಟ್ಟೆ!

ಅವಳು ಎದ್ದು ನಿಂತಳು. "ನಾನಿದೀನಿ ಸಾರ್. ಧೂಳು ಪ್ಯಾಕಿಂಗ್ ಕೋಣೆಗೂ ಬರುತ್ತೆ."

"ಕೂತ್ಕೊಳ್ಳೇ ಮಗಳೇ," ಎಂದ ಅಪ್ಪ, ಮರುಕ್ಷಣ ತಾನೇ ಎದ್ದ. "ಅವಳೊಬ್ಬಳೇ ಅಲ್ಲ, ನಾನೂ."

ಒಲೆಯವನು ಎದ್ದ. ಜರಡಿ ಹಿಡಿಯುವಾಕೆ ಎದ್ದಳು... ಹದಿನೇಳು ಜನ! ಇಷ್ಟೂ ಜನರನ್ನು ಮನೆಗೆ ಕಳಿಸಿದರೆ ನಾಳೆ ಬ್ರೆಡ್ ಮಾಡುವವರು ಯಾರು? ಮಾಲೀಕರು ಹಣೆ ಒರೆಸಿಕೊಂಡರು.

ತಿಂಗಳೊಳಗೆ ನಾದುವ ಯಂತ್ರಗಳಿಗೆ ಮುಚ್ಚಳ ಬಂತು, ಧೂಳು ಹೀರುವ ಯಂತ್ರ ಬಂತು. ಅಪ್ಪನಿಗೆ ಅದೇ ಸಂಬಳಕ್ಕೆ ಗೇಟಿನ ಬಳಿ ಕೆಲಸ ಸಿಕ್ಕಿತು. ಮಗಳಿಗೆ ಔಷಧಿ ಶುರುವಾಯಿತು.

ಮೂರು ತಿಂಗಳ ಬಳಿಕ ಒಂದು ಸೋಮವಾರ, ಅವಳು ತನ್ನದೇ ಕೊಳವೆಯನ್ನು ಊದಿದಳು. ಕೊಳವೆಯ ಮೇಲಿನ ಮುಳ್ಳು ಸರ್ರನೆ ಓಡಿತು.

"ನಾನೂರ ಮೂವತ್ತು! ಕೆಲಸದ ದಿನಾನೂ ಬುಧವಾರದಷ್ಟೇ!" ಅವನು ಕುಣಿದೇಬಿಟ್ಟ.

"ಬೇಗ ಬರ್ಕೊಳ್ಳಿ, ನಿಮ್ಮ ಅಧ್ಯಯನಕ್ಕೆ."

"ಅಧ್ಯಯನ ಹೋದ ವಾರಾನೇ ಮುಗೀತು."

"ಮತ್ತೆ ಇವತ್ತು ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ನೋಡ್ದೆ ಇರಕ್ಕಾಗ್ಲಿಲ್ಲ. ಇನ್ಮೇಲೂ ಆಗಲ್ಲ..."

ಅವಳ ಕಣ್ಣು ತುಂಬಿತು. "ಹಾಗಾದ್ರೆ ಮನೆಗೆ ಬಂದು ಅಪ್ಪನ್ನ ಕೇಳಿ. ಬುಧವಾರ ಬನ್ನಿ, ನನಗೆ ರಜೆ."

"ಗೊತ್ತು," ಎಂದು ಅವನು ನಕ್ಕ. "ನಿಮ್ಮ ಬಗ್ಗೆ ನನಗೆ ಮೊದಲು ಗೊತ್ತಾಗಿದ್ದೇ ಅದು."